ಮೊಣಕೈ ಕೆಳಗೆ

ನಮ್ಮ ಆಸ್ಪತ್ರೆಗೆ ಇರುವುದು ಒಂದೇ ಅಂತಸ್ತು. ಮಾಳಿಗೆ ಹತ್ತಲು ಮೆಟ್ಟಿಲು ಕೂಡ ಇಲ್ಲ; ನೀರಿನ ಟ್ಯಾಂಕು ತೊಳೆಯಬೇಕಾದರೆ ಪಂಚಾಯಿತಿಯಿಂದ ಏಣಿ ತರಿಸುತ್ತೇವೆ. ಆದರೂ ವರ್ಷಕ್ಕೊಮ್ಮೆ ಫೋನಿನಲ್ಲಿ ಬರುವ ಕಡ್ಡಾಯ ತರಬೇತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ಬೆಂಕಿ ಬಿದ್ದಾಗ ಲಿಫ್ಟಿನಲ್ಲಿ ಇಳಿಯಬಹುದೇ? ಇಳಿಯಬಾರದು ಎಂದು ಒತ್ತುತ್ತೇನೆ. ಉತ್ತರ ಸರಿ ಎಂದು ಹಸಿರು ಗುರುತು ಮೂಡುತ್ತದೆ. ಹೀಗೆ ಇಲ್ಲದ ಲಿಫ್ಟಿನಿಂದ ನಾನು ಎಷ್ಟೋ ವರ್ಷಗಳಿಂದ ಪಾರಾಗುತ್ತ ಬಂದಿದ್ದೇನೆ.

ಅಣ್ಣಿಗೇರಿಗೂ ನವಲಗುಂದಕ್ಕೂ ನಡುವೆ, ಎರೆ ಹೊಲಗಳ ಮಧ್ಯದ ಈ ಆಸ್ಪತ್ರೆಯ ಹೆರಿಗೆ ಕೋಣೆ ನನ್ನ ಉಸ್ತುವಾರಿಯಲ್ಲಿದೆ. ನಗೆಯಾಡುತ್ತೇನೆಂದು ತರಬೇತಿಯನ್ನು ಹಗುರ ಮಾಡುವವಳೆಂದು ತಿಳಿಯಬೇಡಿ. ಯಾವ ಕಸ ಯಾವ ಬಣ್ಣದ ಡಬ್ಬಿಗೆ, ಸೂಜಿ ಚುಚ್ಚಿದರೆ ಮೊದಲು ಏನು ಮಾಡಬೇಕು ಎಂದು ಯಾರೂ ಹೇಳಿಕೊಡದ ಕಾಲದಲ್ಲೂ ನಾನು ನರ್ಸಾಗಿದ್ದೆ. ಆಗ ಬಳಸಿದ ಸೂಜಿಗಳನ್ನು ಹಿತ್ತಲ ಗುಂಡಿಗೆ ಸುರಿಯುತ್ತಿದ್ದರು, ಹಂದಿಗಳು ಬಂದು ಕೆದರುತ್ತಿದ್ದವು. ಆ ಕಾಲ ಮತ್ತೆ ಬರುವುದು ಬೇಡ. ನಿಯಮ ಬೇಕು. ನಿಯಮ ಹೇಳುವವರಿಗೆ ತಮ್ಮ ಎದುರು ಕೂತವರು ಯಾರು ಎಂಬುದು ಸ್ವಲ್ಪ ಗೊತ್ತಿದ್ದರೆ ಇನ್ನೂ ಒಳ್ಳೆಯದು, ಅಷ್ಟೇ ನನ್ನ ತಕರಾರು.

ಒಂದು ವರ್ಷ ಫೋನು ಸಾಲದು, ಎದುರಿಗೇ ತರಬೇತಿ ಆಗಬೇಕು ಎಂದು ಆದೇಶ ಬಂತು. ಹೊಲದಲ್ಲಿ ಹೆಸರು ಕಾಯಿ ಕಟ್ಟಿದ್ದ ದಿನಗಳು, ಜಿಟಿಜಿಟಿ ಮಳೆ. ಬಂದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಬೆಂಗಳೂರು ಕಡೆಯ ಮಾತು. ಜೀಪಿನಿಂದ ಇಳಿದು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಬೂಟಿಗೆ ಎರೆ ಮಣ್ಣು ಮೆತ್ತಿ ಮೆತ್ತಿ ಅವರ ಎತ್ತರವೇ ಹೆಚ್ಚಾಗಿತ್ತು. ಮೀಟಿಂಗ್ ಕೋಣೆಯಲ್ಲಿ ಕುರ್ಚಿ ಸಾಲದೆ ನವಲಗುಂದದ ದೊಡ್ಡ ಜಮಖಾನೆ ಹಾಸಿದ್ದೆವು. ನರ್ಸುಗಳು, ಆಶಾ ಕಾರ್ಯಕರ್ತೆಯರು, ಆಯಾಗಳು ಎಲ್ಲ ಅದರ ಮೇಲೆ ಕೂತರು. ಡಾಕ್ಟರು ಚೆನ್ನಾಗಿಯೇ ಪಾಠ ಹೇಳಿದರು. ಬೆಂಕಿ ಆರಿಸುವ ಸಿಲಿಂಡರನ್ನು ಅಂಗಳಕ್ಕೆ ಒಯ್ದು ಒಬ್ಬೊಬ್ಬರ ಕೈಯಿಂದಲೂ ಬಿಡಿಸಿದರು. ನಮ್ಮ ಆಶಾಗಳು ಅದರ ಹೊಗೆಗೆ ಸೆರಗು ಮುಚ್ಚಿಕೊಂಡು ನಕ್ಕದ್ದೇ ನಕ್ಕದ್ದು.

ಆಮೇಲೆ ಕೈ ತೊಳೆಯುವ ಪಾಠ ಬಂತು. ಅದಕ್ಕೆ ಅವರು ನಮ್ಮ ಹೆರಿಗೆ ಕೋಣೆಯ ಆಯಾಳನ್ನು ಮುಂದೆ ಕರೆದರು. ಗಟ್ಟಿ ರಟ್ಟೆಯ, ಮೆಲುಮಾತಿನ ಹೆಣ್ಣುಮಗಳು ಅವಳು. ನೋವು ತಿನ್ನುವ ಬಸುರಿಯರು ನನ್ನ ಕೈಗಿಂತ ಮೊದಲು ಅವಳ ಕೈ ಹಿಡಿಯುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ, ಅಂಗೈಗೆ ನೀಲಿ ಶಾಯಿ ಹನಿಸಿ, ಇದನ್ನೇ ಸೋಪೆಂದು ತಿಳಿದು ಕೈ ತಿಕ್ಕಿರಿ ಎಂದರು. ತಿಕ್ಕಿದಳು. ಬಟ್ಟೆ ಬಿಚ್ಚಿ ನೋಡಿದರೆ ಬೆರಳ ಸಂದಿ, ಉಗುರ ತುದಿ ಎಲ್ಲ ನೀಲಿಯಾಗಿದ್ದವು. ಮಣಿಕಟ್ಟು ಮಾತ್ರ ಶಾಯಿ ತಾಗದೆ ಉಳಿದಿತ್ತು. ಅಲ್ಲಿ ಒತ್ತಾಗಿ ಹಸಿರು ಗಾಜಿನ ಬಳೆಗಳಿದ್ದವು.

"ನೋಡಿ, ಇಲ್ಲಿಗೆ ಸೋಪು ಹೋಗೋದೇ ಇಲ್ಲ" ಎಂದರು ಡಾಕ್ಟರು. "ಬಳೆ ಒಡೆದರೆ ಗ್ಲೌಸ್ ಹರಿಯುತ್ತೆ, ಚೂರು ಮಗೂಗೆ ಚುಚ್ಚಬಹುದು. ಹೆರಿಗೆ ಕೋಣೆಯಲ್ಲಿ ಮೊಣಕೈ ಕೆಳಗೆ ಏನೂ ಇರಬಾರದು. ಬಳೆ, ಉಂಗುರ, ವಾಚು, ಏನೂ."

ಮಾತು ಸುಳ್ಳಲ್ಲ. ಹಿಂದೊಮ್ಮೆ ಹೆರುವ ಹುಡುಗಿ ಇವಳ ಕೈ ಹಿಂಡಿ ಬಳೆ ಒಡೆದು, ಮಗುವಿಗೆ ಹಾಸಿದ ಬಟ್ಟೆಯಲ್ಲಿ ಅದರ ಚೂರು ಸಿಕ್ಕಿತ್ತು. ಮಗುವಿಗೆ ಏನೂ ಆಗಲಿಲ್ಲ. ಆ ಚೂರನ್ನು ಹುಡುಕಿ ತೆಗೆದವಳು ಇವಳೇ.

ಡಾಕ್ಟರಿಗೆ ಮಾದರಿ ತೋರಿಸಲು ಒಂದು ಜೊತೆ ಕೈ ಬೇಕಾಗಿತ್ತು. ಸುತ್ತ ಕಣ್ಣಾಡಿಸಿದರು. ಎಲ್ಲರ ಕೈಯಲ್ಲೂ ಬಳೆ. ಗೋಡೆಗೆ ಒರಗಿ ನಿಂತಿದ್ದ ನಾನು ಕಣ್ಣಿಗೆ ಬಿದ್ದೆ. "ಸಿಸ್ಟರ್, ಮುಂದೆ ಬನ್ನಿ" ಎಂದು ಕರೆದು ನನ್ನ ಎರಡೂ ಕೈ ಮೇಲೆತ್ತಿಸಿದರು. "ಇದು ನೋಡಿ ಸರಿಯಾದ ಕೈ. ಇವತ್ತಿನಿಂದ ಎಲ್ಲರೂ ಸಿಸ್ಟರ್ ಥರ ಆಗಬೇಕು."

ಹಿಂದಿನಿಂದ ಒಬ್ಬ ಆಶಾ ಸಣ್ಣ ದನಿಯಲ್ಲಿ "ಬಿಡ್ತು ಅನ್ರಿ" ಅಂದಳು. ಉಳಿದವರು ಜಮಖಾನೆಯ ಚಿತ್ತಾರ ಈಗಷ್ಟೇ ಕಂಡವರಂತೆ ತಲೆ ತಗ್ಗಿಸಿ ನೋಡುತ್ತ ಕೂತರು. ನನ್ನ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದು ಆ ಕೋಣೆಯಲ್ಲಿ ಡಾಕ್ಟರೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಎತ್ತಿದ ಕೈಗಳನ್ನು ಯಾವಾಗ ಇಳಿಸಬೇಕು ಎಂದು ನನಗೆ ತಿಳಿಯಲಿಲ್ಲ. ಸಿಟ್ಟು ಬಂತು, ಆದರೆ ಆ ಹುಡುಗ ಡಾಕ್ಟರ ಮೇಲೆ ಬರಲಿಲ್ಲ. ದಿನವೂ ನನ್ನ ಜೊತೆ ಡಬ್ಬಿ ಬಿಚ್ಚಿ ಉಣ್ಣುವ ಹೆಂಗಸರು ನನ್ನ ಕೈ ಕಂಡು ಬಿಡ್ತು ಅನ್ನಿಸುವಷ್ಟು ಹೆದರಿದರಲ್ಲ, ಅದಕ್ಕೆ ಬಂತು.

ಊಟದ ಹೊತ್ತಿಗೆ ಡಾಕ್ಟರಿಗೂ ಏನೋ ವಾಸನೆ ಹತ್ತಿತ್ತು. ರೊಟ್ಟಿ ಮುರಿಯುತ್ತ "ನಾನೇನಾದರೂ ತಪ್ಪು ಮಾತಾಡಿದೆನಾ ಸಿಸ್ಟರ್?" ಎಂದು ಕೇಳಿದರು. "ಇಲ್ರಿ ಸರ್, ಖರೇನ ಮಾತಾಡೀರಿ. ಎಣ್ಣಿಗಾಯಿ ಇನ್ನೊಂಚೂರು ಹಾಕ್ಕೋರಿ" ಎಂದೆ.

ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರು ಹೋದ ಮೇಲೆ ಓಣಿಯ ಹೆಂಗಸರು ನನ್ನ ಕೈ ಹಿಡಿದು ಮಾಡಬೇಕಾದ್ದನ್ನು ಮಾಡಿದರು. ಅದನ್ನು ಬರೆಯಲು ಈಗಲೂ ಮನಸ್ಸಿಲ್ಲ. ಡ್ಯೂಟಿಗೆ ಮರಳಿದಾಗ ಕೈ ಹಗುರಾಗಿ, ಕೆಲಸ ಮಾಡುವಾಗ ಸದ್ದೇ ಬರದೆ, ಯಾರದೋ ಕೈ ತಂದು ನನಗೆ ಜೋಡಿಸಿದಂತೆ ಅನಿಸುತ್ತಿತ್ತು. ಕ್ರಮೇಣ ರೂಢಿಯಾಯಿತು. ರೂಢಿಯಾಗದ್ದು ಬೇರೆ. ನಾನು ಹೆರಿಗೆ ಮಾಡಿಸಿದ ಮನೆಯವರು ಹೆಸರಿಡುವಾಗ ಪ್ರೀತಿಯಿಂದ ಕರೆಯುತ್ತಾರೆ. ಕಲಘಟಗಿಯಿಂದ ತಂದ ಬಣ್ಣದ ತೊಟ್ಟಿಲು ತೋರಿಸುತ್ತಾರೆ, ಹೋಳಿಗೆ ಎರಡೆರಡು ಹಾಕುತ್ತಾರೆ. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಮಾತ್ರ "ಅಕ್ಕಾರ, ನೀವು ಇಲ್ಲೆ ಆರಾಮ ಕುಂದರ್ರಿ" ಎಂದು ಒಳಗಿನ ಕುರ್ಚಿ ತೋರಿಸುತ್ತಾರೆ. ಅದೇ ಕೂಸನ್ನು ಮೊದಲು ಹಿಡಿದದ್ದು ಈ ಕೈ ಎಂದು ಹೇಳಬೇಕೆನಿಸುತ್ತದೆ. ಹೇಳದೆ ಹೋಳಿಗೆ ತಿಂದು ಬರುತ್ತೇನೆ.

ತರಬೇತಿಯ ಮರುವಾರ ಹೆರಿಗೆ ಕೋಣೆಯ ಬಾಗಿಲಲ್ಲಿ ಕೆಂಪು ಬಣ್ಣದ ಗೆರೆ ಎಳೆದರು. ಬಳೆ ಇದ್ದವರು ಆ ಗೆರೆ ದಾಟುವಂತಿಲ್ಲ. ತಪಾಸಣೆಯ ತಂಡ ಯಾವಾಗ ಬೇಕಾದರೂ ಬರಬಹುದು ಎಂದು ನಮ್ಮ ವೈದ್ಯಾಧಿಕಾರಿ ಎಲ್ಲರನ್ನೂ ಕೂರಿಸಿ ಹೇಳಿದರು. ನರ್ಸುಗಳು ಗೊಣಗುತ್ತ ಗಾಜಿನ ಬಳೆ ಬಿಟ್ಟು, ಬೇಗ ತೆಗೆದು ಹಾಕಲು ಬರುವ ಸಡಿಲ ಬಳೆ ಹಾಕಿಕೊಂಡು ಬರತೊಡಗಿದರು. ಆಯಾ ತೆಗೆಯಲಿಲ್ಲ. ಅವಳನ್ನು ಹೊರರೋಗಿಗಳ ಕಡೆ ಕಸ ಗುಡಿಸಲು ಹಾಕಿದರು. ಅವಳದು ಗುತ್ತಿಗೆಯ ಕೆಲಸ. ಹೆರಿಗೆ ಕೋಣೆಗೆ ಆಗದಿದ್ದರೆ ಬೇರೆ ಆಳು ಕೊಡುತ್ತೇನೆ, ಇವಳು ಬೇಡ ಎಂದು ಗುತ್ತಿಗೆದಾರ ಫೋನಿನಲ್ಲಿ ಹೇಳಿದ. "ನೀವೇ ತಿಳಿಸಿ ಹೇಳಿ ತೆಗೆಸಿ ಸಿಸ್ಟರ್" ಎಂದು ವೈದ್ಯಾಧಿಕಾರಿ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಬಳೆ ತೆಗೆ ಎಂದು ಒಬ್ಬ ಮುತ್ತೈದೆಗೆ ಹೇಳಲು ಇಡೀ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕವಳು ನಾನು. ಆದರೂ ಹೇಳಿದೆ. ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಅವಳು ಚಹಾ ಕುಡಿಯುತ್ತ ಕೂತಿದ್ದಳು.

"ಯಾಕವಾ, ಇಷ್ಟ್ಯಾಕ ಹಟಾ?" ಎಂದೆ. "ಆ ಚೂರು ನೀನ ತಗದಾಕಿ. ರೂಲ್ ಸುಳ್ಳ ಐತೇನು?"

"ರೂಲ್ ಖರೇನ ಐತ್ರಿ ಅಕ್ಕಾರ. ನಾ ಇಲ್ಲ ಅನ್ನೂದಿಲ್ಲ. ಆದ್ರ ಈಗ ಬ್ಯಾಡ್ರಿ." ಅವಳು ಬಳೆಗಳ ಮೇಲೆ ಸೆರಗು ಎಳೆದುಕೊಂಡಳು. "ನಮ್ಮ ಮನಿಯವ್ರು ಹಾಸಿಗಿ ಮ್ಯಾಲ ಅದಾರ್ರಿ."

ಅದು ನನಗೆ ಗೊತ್ತಿತ್ತು. ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಅವಳ ಗಂಡನಿಗೆ ಹೃದಯದ ತೊಂದರೆ ಎಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಸಕ್ಕರೆ ಹತೋಟಿಗೆ ಬಂದ ಮೇಲೆ ಆಪರೇಶನ್ ಎಂದು ಕಾಯಿಸುತ್ತಿದ್ದರು. ಅತ್ತೆ ಆಸ್ಪತ್ರೆಯಲ್ಲಿ ಮಗನ ಹತ್ತಿರ ಇದ್ದಳು, ಇವಳು ಡ್ಯೂಟಿ ಮುಗಿಸಿ ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದಳು. ಬಳೆಯ ವಿಷಯ ಅಂದು ಗೊತ್ತಾಯಿತು. ಮಗನನ್ನು ಆಸ್ಪತ್ರೆಗೆ ಸೇರಿಸುವ ದಿನ ಅತ್ತೆ ಬಳೆಗಾರನನ್ನು ಮನೆಗೆ ಕರೆಸಿ ಸೊಸೆಗೆ ಹಸಿರು ಬಳೆ ಇಡಿಸಿದ್ದಳು. ಮಗ ತನ್ನ ಕಾಲ ಮೇಲೆ ನಡೆದು ಮನೆಗೆ ಬರುವ ತನಕ ಇವು ಕೈ ಬಿಡಬಾರದು ಎಂದು ಊರದೇವಿಗೆ ಹರಕೆ ಹೊತ್ತಿದ್ದಳು. ಜಾರಬಾರದೆಂದೇ ಬಿಗಿ ಬಳೆ ಆರಿಸಿದ್ದರು.

"ಒಂದ ಒಂದು ಒಡದ್ರೂ ನಂಗ ಮುಂದ ಬಾಳೇವು ಮಾಡೂದಾಗೂದಿಲ್ರಿ" ಎಂದಳು. "ಕೆಲಸಾ ಹೋದ್ರ ಹೋಗ್ಲಿ ಬಿಡ್ರಿ."

ಬಳೆಗೂ ಹೃದಯಕ್ಕೂ ಏನು ಸಂಬಂಧ ಎಂದು ಕೇಳಲು ನಾಲಿಗೆ ತುದಿಗೆ ಬಂತು. ನನ್ನ ಕೈತುಂಬ ಬಳೆ ಇದ್ದಾಗಲೇ ನನ್ನ ಗಂಡ ಸತ್ತದ್ದು. ಅಷ್ಟು ಹೇಳಿದ್ದರೆ ವಾದ ಗೆಲ್ಲುತ್ತಿದ್ದೆನೇನೋ. ಆದರೆ ನನಗೂ ಆ ಕಾಲದಲ್ಲಿ ಯಾರಾದರೂ ಹಿಡಿದುಕೊಳ್ಳಲು ಒಂದು ಹಸಿರು ಬಳೆ ಕೊಟ್ಟಿದ್ದರೆ ನಾನೂ ಬಿಡುತ್ತಿರಲಿಲ್ಲ.

ಅವಳಿಲ್ಲದೆ ಹೆರಿಗೆ ಕೋಣೆ ಭಣಭಣ ಅನ್ನತೊಡಗಿತು. ಗುತ್ತಿಗೆದಾರ ಕಳಿಸಿದ ಹೊಸ ಹೆಂಗಸು ರಕ್ತ ಕಂಡು ತಲೆ ತಿರುಗಿ ಕೂತಳು, ಮರುದಿನ ಬರಲೇ ಇಲ್ಲ. ಇವಳು ಕಾರಿಡಾರಿನಲ್ಲಿ ಕಸಬರಿಗೆ ಹಿಡಿದು, ಒಳಗಿನಿಂದ ಚೀರು ಕೇಳಿದಾಗಲೆಲ್ಲ ಗೆರೆಯ ತನಕ ಬಂದು ನಿಲ್ಲುತ್ತಿದ್ದಳು. ನಾನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಶಲವಡಿಯಿಂದ ಚೊಚ್ಚಲ ಬಸುರಿಯೊಬ್ಬಳನ್ನು ಕರೆತಂದರು. ಎಳೆಯ ಹುಡುಗಿ, ಹೆದರಿ ಮಂಚದ ಮೇಲೆ ನಿಲ್ಲುವುದೊಂದು ಬಾಕಿ. ಜೊತೆಗಿದ್ದ ಅವಳ ಅಜ್ಜಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಅವತ್ತು ಇನ್ನೊಬ್ಬ ನರ್ಸು ಇರಲಿಲ್ಲ. ಸಿಬ್ಬಂದಿ ಕಡಿಮೆ ಇದ್ದಾಗ ಹೆರಿಗೆಯನ್ನು ಸುರಕ್ಷಿತವಾಗಿ ನಿಭಾಯಿಸುವುದು ಹೇಗೆ ಎಂಬ ತರಬೇತಿಗೆ ಧಾರವಾಡಕ್ಕೆ ಹೋಗಿದ್ದಳು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಹುಡುಗಿ ನನ್ನ ಮಾತು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ತಿಂಗಳ ತಪಾಸಣೆಗೆ ಬಂದಾಗಲೆಲ್ಲ ಆಯಾಳೇ ಅವಳನ್ನು ಮಾತಾಡಿಸುತ್ತಿದ್ದಳಂತೆ. "ಆ ಅಕ್ಕ ಎಲ್ಲಿ? ಆ ಅಕ್ಕನ್ನ ಕರೀರಿ" ಎಂದು ಒಂದೇ ಸಮ ಕೂಗುತ್ತಿದ್ದಳು. ತಿರುಗಿ ನೋಡಿದೆ. ಆಯಾ ಗೆರೆಯ ಆಚೆ ನಿಂತಿದ್ದಳು. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ. ನಾನು ಬಾ ಎನ್ನಲಿಲ್ಲ. ಅನ್ನುವ ಧೈರ್ಯ ನನಗಿರಲಿಲ್ಲ.

ಅವಳೇ ಕಸಬರಿಗೆ ಗೋಡೆಗೆ ಆನಿಸಿ, ಬಾಗಿಲ ಪಕ್ಕದ ಕೈ ತೊಳೆಯುವ ಸಿಂಕಿನ ಹತ್ತಿರ ಹೋದಳು. ಎರಡೂ ಕೈ ನನ್ನ ಮುಂದೆ ಚಾಚಿದಳು.

"ತಗೀರಿ ಅಕ್ಕಾರ. ಒಡೀಬ್ಯಾಡ್ರಿ ಅಷ್ಟ."

"ಹೊರಗ ಅಜ್ಜಿ ಕುಂತಾರವಾ. ಅವ್ರನ್ನ ಕರೀಲೇನು? ನಾ ಯಾಕ..."

"ಅವ್ರ ಕೈ ನಡಗ್ತಾವ್ರಿ. ನೀವ ತಗೀರಿ."

ಸೋಪು ಒತ್ತಿದೆ. ಅಂಗೈಗೆ ಅಂಗೈ, ಬೆರಳ ಸಂದಿಗೆ ಬೆರಳು, ಹೆಬ್ಬೆರಳ ಸುತ್ತ. ತರಬೇತಿಯಲ್ಲಿ ಕಲಿಸಿದ ಅದೇ ಕ್ರಮದಲ್ಲಿ ಅವಳ ಕೈ ತಿಕ್ಕಿದೆ, ನೊರೆ ಬಳೆಗಳ ಅಡಿಗೆ ಇಳಿಯುವ ತನಕ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಸಿ ಮೊದಲ ಬಳೆ ಎಳೆದೆ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ನನ್ನ ಬೆನ್ನಿಗೆ ಬೆವರು ಕಿತ್ತಿತು. ಇನ್ನಷ್ಟು ಸೋಪು ಹಾಕಿ, ಸುತ್ತಿಸುತ್ತ ಎಳೆದಾಗ ಜಾರಿ ಬಂತು. ಇಡಿಯಾಗಿ ಬಂತು. ಒಂದೊಂದನ್ನೇ ತೆಗೆದು ಸ್ಟೀಲ್ ಟ್ರೇಯಲ್ಲಿ ಅರಿವೆಯ ಮೇಲೆ ಇಟ್ಟೆ. ಯಾವುದೂ ಒಡೆಯಲಿಲ್ಲ.

ಬಳೆ ತೆಗೆದದ್ದಾಯಿತು, ಆದರೆ ಅವಳು ಕದಲಲಿಲ್ಲ. ತನ್ನ ಕೈ ತಾನೇ ನೋಡಲಾರದೆ ಗೋಡೆ ನೋಡುತ್ತಿದ್ದಳು. ಆಗ ನನ್ನ ತಾಯಿ ನೆನಪಾದಳು. ಬಳೆ ಬದಲಿಸುವಾಗ ಕೈ ಬರಿದಾಗಬಾರದೆಂದು ಅರಿಷಿಣದ ಕೊಂಬನ್ನು ದಾರಕ್ಕೆ ಕಟ್ಟಿ ತೋಳಿಗೆ ಹಾಕಿಕೊಳ್ಳುತ್ತಿದ್ದಳು. ಹೊರಗಿನ ಅಜ್ಜಿಯ ಬಾಣಂತನದ ಗಂಟಿನಲ್ಲಿ ಅರಿಷಿಣ ಇಲ್ಲದೆ ಇರುತ್ತದೆಯೇ? ಕೇಳಿದೆ, ಒಂದು ಕೊಂಬು ಕೊಟ್ಟಳು. ಬ್ಯಾಂಡೇಜಿನ ಅಂಚಿನಿಂದ ದಾರ ಎಳೆದು ಕೊಂಬಿಗೆ ಸುತ್ತಿದೆ.

"ಇದನ್ನ ತೋಳಿಗೆ ಕಟ್ಟಿಸ್ಕೋ. ರೂಲ್ ಇರೂದು ಮೊಣಕೈ ಕೆಳಗ. ಮ್ಯಾಲಿಂದು ಯಾರೂ ಕೇಳೂದಿಲ್ಲ" ಎಂದೆ. "ಅಜ್ಜಿ ಕಡೆ ಕಟ್ಟಿಸ್ಕೋ. ಗಂಟು ಹಾಕಾಕ ಕೈ ನಡಗಿದ್ರೂ ನಡೀತೈತಿ. ಆಕಿ ಮುತ್ತೈದಿ."

ಅವಳು ರವಿಕೆಯ ತೋಳು ಮೇಲೆ ಸರಿಸಿ ನನ್ನ ಕಡೆಗೇ ತಿರುಗಿದಳು.

"ಅವ್ರು ಕೈ ತೊಳಕೊಂಡಿಲ್ರಿ" ಎಂದಳು. "ನೀವು ತೊಳಕೊಂಡೀರಿ. ನೀವ ಕಟ್ರಿ."

ಕಟ್ಟಿದೆ. ಕಣ್ಣು ಮಂಜಾಗಿ ಗಂಟು ಮೊದಲ ಸಲ ಸರಿ ಕೂಡಲಿಲ್ಲ. ಆಮೇಲೆ ಅರಿಷಿಣ ಮುಟ್ಟಿದ ಕೈಯೆಂದು ಇಬ್ಬರೂ ಮತ್ತೆ ಮೊದಲಿನಿಂದ ಕೈ ತೊಳೆದು ಒಳಗೆ ಹೋದೆವು. ಅವಳನ್ನು ಕಂಡದ್ದೇ ಆ ಹುಡುಗಿ ಮಣಿಕಟ್ಟು ಹಿಡಿದುಕೊಂಡಳು. ಈ ಸಲ ಎಷ್ಟು ಹಿಂಡಿದರೂ ಒಡೆಯುವುದು ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಒಳ್ಳೆ ಗಂಟಲು.

ಅಂದಿನಿಂದ ಅವಳು ಡ್ಯೂಟಿಗೆ ಬಂದಾಗ ನಾನು ಬಳೆ ತೆಗೆಯುವುದು, ಡ್ಯೂಟಿ ಮುಗಿಸಿ ಹೋಗುವಾಗ ಅವಳು ಸೋಪು ಹಚ್ಚಿ ತಾನೇ ಹಾಕಿಕೊಳ್ಳುವುದು ರೂಢಿಯಾಯಿತು. ಅವಳು ಅತ್ತೆಗೆ ಮುಚ್ಚಿಡಲಿಲ್ಲ, ಮೊದಲ ದಿನವೇ ಹುಬ್ಬಳ್ಳಿಗೆ ಹೋಗಿ, ಯಾರು ತೆಗೆದರು ಎಂಬುದನ್ನೂ ಸೇರಿಸಿ ಹೇಳಿದ್ದಳು. ಅತ್ತೆ ಸೊಸೆಯೊಂದಿಗೆ ಮಾತು ಬಿಟ್ಟಳು. ಆಪರೇಶನ್ ದಿನ ಗೊತ್ತಾಯಿತು. ಆ ದಿನಗಳಲ್ಲಿ ನಾನು ಪಟ್ಟ ಭಯವನ್ನು ಅವಳೂ ಪಟ್ಟಿರಲಿಕ್ಕಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಹೃದಯದ ಡಾಕ್ಟರನ್ನು ಯಾರೂ ಕೇಳುವುದಿಲ್ಲ, ನನ್ನ ಕೈಯನ್ನು ತೋರಿಸುತ್ತಾರೆ. ಇದನ್ನೆಲ್ಲ ನಂಬದವಳು ನಾನು. ಆದರೂ ಆಪರೇಶನ್ ದಿನ ಊರದೇವಿಯ ಗುಡಿಯ ಮುಂದೆ ಹಾಯುವಾಗ ನಿಂತು, ನನ್ನ ಹೆಸರಿಗೆ ಇದನ್ನು ಹಚ್ಚಬೇಡವ್ವಾ ಎಂದು ಬೇಡಿಕೊಂಡೆ. ಸಂಜೆ ಅವಳ ಫೋನು ಬಂತು. ಆರಾಮ ಅದಾರ್ರಿ ಅಂದಳು. ನಾನು ಕುರ್ಚಿಯಲ್ಲಿ ಕೂತು ಮನಸಾರೆ ಅತ್ತುಬಿಟ್ಟೆ.

ತಪಾಸಣೆಯ ತಂಡವೂ ಬಂದು ಹೋಯಿತು. ಕೈಗಳನ್ನು ನೋಡಿದರು, ಗೆರೆಯನ್ನು ನೋಡಿದರು, ಸರಿ ಅಂದರು. ತೋಳಿನ ಅರಿಷಿಣ ಯಾರ ಕಣ್ಣಿಗೂ ಬೀಳಲಿಲ್ಲ.

ಆಯಾಳ ಗಂಡನಿಗೆ ಹುಬ್ಬಳ್ಳಿಯಿಂದ ಬಿಡುಗಡೆಯಾದ ದಿನ ಟೆಂಪೋದಲ್ಲಿ ಊರಿಗೆ ಹೋಗುವ ದಾರಿಯಲ್ಲಿ ಅವಳನ್ನೂ ಕರೆದೊಯ್ಯಲು ನಮ್ಮ ಆಸ್ಪತ್ರೆಗೆ ಬಂದರು. ಆತ ಸೊರಗಿದ್ದ, ಆದರೆ ಗೇಟಿನಿಂದ ಬೇವಿನ ಗಿಡದ ತನಕ ತಾನೇ ನಿಧಾನ ನಡೆದು ಬಂದು ಕಟ್ಟೆಯ ಮೇಲೆ ಕೂತ. ಪಕ್ಕದಲ್ಲಿ ಅವನ ತಾಯಿ. ನಾನು ದೂರದಿಂದಲೇ ಹೆಂಗದೀರಿ ಎಂದು ಕೇಳಿ ಒಳಗೆ ಹೋಗುವವಳಿದ್ದೆ. ಎದುರು ಹೋಗಿ ಆ ಮುದುಕಿಯ ಮನಸ್ಸು ಕೆಡಿಸುವುದು ಬೇಡವಾಗಿತ್ತು.

ಅಷ್ಟರಲ್ಲಿ ಆಯಾ ಬಳೆಗಳ ಟ್ರೇ ಹಿಡಿದು ಹೊರಬಂದಳು. ಅಂಗಳದ ನಳದ ಹತ್ತಿರ ನನ್ನನ್ನು ನಿಲ್ಲಿಸಿ, ಗಂಡ ಮತ್ತು ಅತ್ತೆ ನೋಡುತ್ತಿರುವಂತೆಯೇ ತೋಳಿನ ದಾರ ನನ್ನಿಂದ ಬಿಚ್ಚಿಸಿದಳು. ಕೈಗೆ ಸೋಪು ಹಚ್ಚಿಕೊಂಡು ಚಾಚಿದಳು.

"ಇವತ್ತ ನೀವ ಇಡಸ್ರಿ ಅಕ್ಕಾರ."

ನಾನು ಮುದುಕಿಯ ಕಡೆ ನೋಡಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಟ್ರೇಯಿಂದ ಒಂದು ಬಳೆ ಎತ್ತಿಕೊಂಡು, ಹಾಕಲೂ ಆಗದೆ ಇಡಲೂ ಆಗದೆ ನಿಂತಿದ್ದೆ.

"ಸಾವಕಾಶ ಇಡಸ್ರಿ" ಎಂದಳು ಮುದುಕಿ. "ಬಿಗಿ ಅದಾವ ಅವು."